ಉಪವಾಸದ ಬೆಳಕು

ಇಪ್ಪತ್ತನಾಲ್ಕು ವರ್ಷ ನಾನು ನಮ್ಮೂರಿನ ಗಂಡಸರ ಈಲಿ ನೋಡಿದ್ದೇನೆ. ನಗುವವರು ನಗಲಿ, ಕೆಲಸ ಅಂದಮೇಲೆ ಕೆಲಸವೇ. ಮೊದಲು ನಮ್ಮತ್ತೆ ನೋಡುತ್ತಿದ್ದರು, ಅವರ ಕಣ್ಣಿಗೆ ಪೊರೆ ಬಂದ ಮೇಲೆ ಅದು ನನ್ನ ಪಾಲಿಗೆ ಬಂತು. ಈಲಿ ಅಂದರೆ ಲಿವರ್, ಬಲಗಡೆ ಪಕ್ಕೆಲುಬಿನ ಕೆಳಗೆ ಮಲಗಿರುತ್ತದಲ್ಲ, ಅದು. ನಮ್ಮೂರಿನಲ್ಲಿ ಅದು ಬೆಳಗುತ್ತದೆ. ಬೇರೆ ಊರುಗಳಲ್ಲಿ ಬೆಳಗುವುದಿಲ್ಲವಂತೆ. ಅಲ್ಲಿಂದ ಸೊಸೆಯಾಗಿ ಬಂದವರು ಮೊದಲ ವಾರ ಹೆದರಿ ಸಾಯುತ್ತಾರೆ, ಆಮೇಲೆ ಅವರದೂ ಬೆಳಗಲು ಶುರುವಾಗುತ್ತದೆ, ಸುಮ್ಮನಾಗುತ್ತಾರೆ. ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಕತ್ತಲಿದ್ದ ಕಡೆ ಮಾತ್ರ ಚರ್ಮದ ಒಳಗಿಂದ ಜೇನಿನ ಬಣ್ಣಕ್ಕೆ ಹೊಳೆಯುತ್ತದೆ. ನಮ್ಮ ದರ್ಜಿಗಳು ರವಿಕೆಯ ಬಲಮಗ್ಗುಲಿಗೆ ಎರಡು ಪದರ ಬಟ್ಟೆ ಕೊಟ್ಟೇ ಹೊಲಿಯುತ್ತಾರೆ. ಟೆಂಟ್ ಸಿನಿಮಾಕ್ಕೆ ಹೋದರೆ ಟಿಕೆಟ್ ಹರಿಯುವವನು, "ಪಕ್ಕೆಗೆ ಟವೆಲ್ ಕಟ್ಕೊಳ್ರಿ, ಹಿಂದಿನೋರಿಗೆ ಪರದೆ ಕಾಣ್ಬೇಕು" ಅಂತ ಕೂಗುತ್ತಾನೆ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಹೊಟ್ಟೆಗೆ ದಿಂಬು ಅವುಚಿಕೊಂಡು ಬಚ್ಚಿಟ್ಟುಕೊಳ್ಳುತ್ತವೆ. ಇದರ ಜೊತೆ ಬದುಕುವುದು ಕಷ್ಟವೇನಲ್ಲ.

ನಮ್ಮೂರಿನ ಅನ್ನ ಇರುವುದು ಎಣ್ಣೆಬಾವಿಯಲ್ಲಿ. ಅರವತ್ತು ಮೆಟ್ಟಿಲು ಇಳಿದರೆ ತಳದ ಬಂಡೆಯ ಸಂದಿಯಿಂದ ಎಣ್ಣೆ ಜಿನುಗುತ್ತದೆ. ನೀರಿನಷ್ಟು ತೆಳು, ನೀರಿನಷ್ಟು ತಿಳಿ, ಮೂಗಿಗೆ ಮಾತ್ರ ಸಿಹಿ. ಕಂಪಿನೆಣ್ಣೆ ಅನ್ನುತ್ತೇವೆ. ರೇಷ್ಮೆ ಸೀರೆಗೆ ಬಿದ್ದ ಎಂಥ ಜಿಡ್ಡಿನ ಕಲೆಯನ್ನೂ ಅದು ಎತ್ತುತ್ತದೆ, ಅರಗನ್ನು ಕರಗಿಸುತ್ತದೆ, ರಬ್ಬರನ್ನು ಅಂಟು ಮಾಡುತ್ತದೆ. ದೂರದೂರದಿಂದ ಲಾರಿಗಳು ಬಂದು ಡ್ರಮ್ಮುಗಳಲ್ಲಿ ತುಂಬಿಕೊಂಡು ಹೋಗುತ್ತವೆ. ಆ ಎಣ್ಣೆಯ ಆವಿಗೆ ಬೆಂಕಿ ತೋರಿಸುವ ಹಾಗಿಲ್ಲ, ಟಾರ್ಚಿನ ಗುಂಡಿ ಒತ್ತಿದ ಕಿಡಿಗೂ ಹಿಡಿಯುತ್ತದೆ ಅಂತ ಹಿರಿಯರ ಭಯ. ಹಾಗಾಗಿ ಬಾವಿಗೆ ಇಳಿದು ಮೊಗೆಯುವವರು ಅಂಗಿ ಬಿಚ್ಚಿ ತಮ್ಮ ಈಲಿಯ ಬೆಳಕಿನಲ್ಲೇ ಮೊಗೆಯಬೇಕು. ಅವರನ್ನು ದೀಪದವರು ಅಂತ ಕರೆಯುತ್ತೇವೆ. ಆ ಗಾಳಿ ಕುಡಿದಷ್ಟೂ ಬೆಳಕು ಏರುತ್ತದೆ. ದೀಪದವರ ಮನೆಗೆ ಊರಿನಲ್ಲಿ ಮೊದಲ ಮಣೆ, ಬಾವಿಕಟ್ಟೆಯ ಕಲ್ಲಿನ ಮೇಲೆ ಅವರ ಹೆಸರು. ಏಳು ವರ್ಷವೋ ಎಂಟು ವರ್ಷವೋ ಇರುತ್ತಾರೆ. ಆಮೇಲೆ ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ಹೊರಟುಹೋಗುತ್ತಾರೆ. ಅವನ ಎಣ್ಣೆ ಮುಗಿಯಿತು ಅನ್ನುತ್ತೇವೆ, ಕೈ ಮುಗಿಯುತ್ತೇವೆ.

ಹೊಸಬರನ್ನು ಆರಿಸುವುದು ವರ್ಷಕ್ಕೊಂದು ಸಲ. ಹೆಸರು ಕೊಟ್ಟವರು ಮೂರು ದಿನ ಬರೀ ನೀರಿನಲ್ಲಿ ಉಪವಾಸ ಇರಬೇಕು. ನಡುವೆ ಒಂದು ತುತ್ತು ಬಾಯಿಗೆ ಹೋದರೂ ಆ ವರ್ಷ ಕಟ್ಟೆ ಹತ್ತುವ ಹಾಗಿಲ್ಲ. ನಾಲ್ಕನೆಯ ಬೆಳಗ್ಗೆ ಬಾವಿಯ ಬಾಯಿಗೆ ಮುಖ ಕೊಟ್ಟು ಕೂರಬೇಕು, ಹೊತ್ತು ನೆತ್ತಿಗೆ ಬರುವ ತನಕ. ಆಮೇಲೆ ಒಬ್ಬೊಬ್ಬರಾಗಿ ಕಿಟಕಿಯಿಲ್ಲದ ಕತ್ತಲೆ ಕೋಣೆಗೆ ಬರುತ್ತಾರೆ. ಅಲ್ಲಿ ನಾನು ಸೂಜಿ, ದಾರ ಹಿಡಿದು ಕೂತಿರುತ್ತೇನೆ. ಹೊರಗೆ ಬಾವಿಯ ಯಜಮಾನ ಮುದ್ದೇಗೌಡರು ಹಲಗೆಗೆ ನೂರು ಏಟು ಹೊಡೆಯುವುದರೊಳಗೆ ಅವನ ಬೆಳಕಿನಲ್ಲಿ ನಾನು ಎಷ್ಟು ಸೂಜಿ ಪೋಣಿಸುತ್ತೇನೋ ಅಷ್ಟು ಅವನ ಲೆಕ್ಕ. ಏಳು ಸೂಜಿಯಾದರೆ ದೀಪದವನು. ಉಪವಾಸ ಇದ್ದವನ ಬೆಳಕೇ ಬೇರೆ, ಉಂಡವನ ಬೆಳಕು ಅದರ ಮುಂದೆ ಮಂಕು. ಶುದ್ಧಿ ಅಂದರೆ ಅದೇ ಅಂತ ನಮ್ಮತ್ತೆ ಹೇಳಿಕೊಟ್ಟಿದ್ದರು. ನಾನು ನಂಬಿದ್ದೆ.

ನಮ್ಮನೆಯವರು ಗವಿಯಪ್ಪ ಅಂತ. ಅವರಿಗೆ ನಾನು ಹನ್ನೊಂದು ಸೂಜಿ ಪೋಣಿಸಿದೆ. ಅವರಿಗಿಂತ ಮುಂಚೆಯೂ ಇಲ್ಲ, ಆಮೇಲೂ ಇಲ್ಲ, ಹನ್ನೊಂದು. ಮದುವೆಯಾಗಿ ಎರಡು ವರ್ಷ, ಮಗಳು ಮಾದೇವಿ ಇನ್ನೂ ಅಂಬೆಗಾಲು. ಗಂಡ ಅಂತ ಒಂದೇ ಒಂದು ಸೂಜಿ ಹೆಚ್ಚು ಹೇಳಲಿಲ್ಲ, ದೇವರಾಣೆ. ಹೊರಗೆ ಬಂದು ಹನ್ನೊಂದು ಅಂದಾಗ ಜನ ತಮಟೆ ತಂದರು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಏಳು ವರ್ಷಕ್ಕೆ ಅವರ ಎಣ್ಣೆ ಮುಗಿಯಿತು ಅಂತ ಊರಿಗೆ ಗೊತ್ತು.

ಮಾದೇವಿ ಅಪ್ಪನ ಹೆಸರು ಕೆತ್ತಿದ ಕಲ್ಲಿನ ಪಕ್ಕದಲ್ಲೇ ಬೆಳೆದಳು. ಸ್ಲೇಟಿನಲ್ಲಿ ತನ್ನ ಹೆಸರಿಗೆ ಮುಂಚೆ ಅವರ ಹೆಸರು ಬರೆದವಳು. ಇಪ್ಪತ್ತಮೂರು ತುಂಬಿದ ವರ್ಷ ನನ್ನನ್ನು ಒಂದು ಮಾತೂ ಕೇಳದೆ ಹೋಗಿ ಬಾವಿಗೆ ಹೆಸರು ಕೊಟ್ಟು ಬಂದಳು. ಹೆಂಗಸರು ಅಲ್ಲಿಯವರೆಗೆ ಇಳಿದಿರಲಿಲ್ಲ. ಮುದ್ದೇಗೌಡರು, "ಗವಿಯಪ್ಪನ ರಕ್ತ, ಯಾಕಾಗಬಾರ್ದು" ಅಂದರಂತೆ. ಸುಳ್ಳು ಯಾಕೆ ಹೇಳಲಿ, ನಾನೂ ಬೀಗಿದೆ. ಉಪವಾಸ ಕೂತ ಮೊದಲ ದಿನ ಅವಳ ನೀರಿನ ಚೊಂಬನ್ನು ಹುಣಸೆಹಣ್ಣು ಹಾಕಿ ಫಳಫಳ ತೊಳೆದು ಕೊಟ್ಟವಳು ನಾನೇ.

ಎರಡನೆಯ ದಿನ ಮಧ್ಯಾಹ್ನ ಕಸಾಯಿ ಅಂಗಡಿಯ ಖಾಸಿಂ ಸಾಬರು ಹಿತ್ತಿಲ ಬಾಗಿಲಿಗೆ ಬಂದರು. ಕೈಯಲ್ಲಿ ಬಾಳೆಲೆ ಮುಚ್ಚಿದ ತಟ್ಟೆ, ಜೊತೆಗೆ ಮಗಳು ನಸೀಮಾ. ಅವಳು ಬೇರೆ ಊರಿನಲ್ಲಿ ಡಾಕ್ಟರ್ ಓದು ಮುಗಿಸಿ, ಆರು ತಿಂಗಳ ಹಿಂದೆ ನಮ್ಮಲ್ಲೇ ಬಾಗಿಲು ತೆರೆದಿದ್ದಳು. "ತಾಯಕ್ಕ, ನೀನು ಈಲಿ ನೋಡೋಳು, ನಾನೂ ಈಲಿ ನೋಡೋನು. ಇದೊಂದು ನೋಡು," ಅಂತ ಸಾಬರು ಎಲೆ ತೆಗೆದರು. ತಟ್ಟೆಯಲ್ಲಿ ಆಡಿನ ಎರಡು ಈಲಿ. ಒಂದು ನುಣ್ಣಗೆ, ಕೆಂಪು ಕಂದು, ಬೆರಳಿಟ್ಟರೆ ಪುಟಿಯುತ್ತಿತ್ತು. ಇನ್ನೊಂದರ ಮೈತುಂಬ ಚುಕ್ಕೆ, ಒಂದೊಂದು ಕಾಳಿನಷ್ಟು ಜಾಗ ಸತ್ತು ಬಿಳಿಚಿಕೊಂಡಿತ್ತು. ಬೆರಳಿಟ್ಟರೆ ಒಳಗೇ ಹೋಯಿತು.

"ಎರಡೂ ಒಂದೇ ತಾಯಿ ಮರಿಗಳು," ಅಂದರು ಸಾಬರು. "ಎರಡನ್ನೂ ಬಾವಿಕಟ್ಟೆ ಹಿಂದೆ ಕಟ್ಟಿದ್ದೆ. ಈ ನುಣ್ಣಗಿರೋದಕ್ಕೆ ಮೇವಿತ್ತು. ಈ ಚುಕ್ಕೆಯದನ್ನ ಮೊದಲು ಕೊಯ್ಯೋದಿತ್ತಲ್ಲ, ಕರುಳು ಖಾಲಿ ಇರ್ಲಿ ಅಂತ ಎರಡು ದಿನ ಮೇವು ಹಾಕಿರ್ಲಿಲ್ಲ. ಎಷ್ಟು ವರ್ಷದಿಂದ ಬಾವಿ ಕಡೆ ಆಡಿನ ಈಲಿ ಕೆಟ್ಟದ್ದು ಅಂತ ನಾಯಿಗೆ ಎಸೀತಾ ಬಂದೆ. ನನ್ನ ತಲೆಗೆ ಹೊಳೀಲಿಲ್ಲ. ಇವಳು ಬಂದು ಕೇಳಿದ್ಲು, ಅಬ್ಬಾ, ಮೇವು ಹಾಕಿದ್ದು ಯಾವುದಕ್ಕೆ, ಹಾಕದೆ ಇದ್ದದ್ದು ಯಾವುದಕ್ಕೆ ಅಂತ."

ನಸೀಮಾ ನೆಲದ ಮೇಲೆ ನನ್ನೆದುರಿಗೆ ಕೂತಳು. ದೊಡ್ಡ ಮಾತು ಆಡುವ ಹುಡುಗಿಯಲ್ಲ. "ತಾಯಮ್ಮನೋರೇ, ಆ ಎಣ್ಣೆ ತಾನಾಗಿ ಅಂಥ ಕೆಡುಕಿನದಲ್ಲ," ಅಂದಳು. "ಅದು ನೀರಲ್ಲಿ ಬೆರೆಯಲ್ಲ, ಅದಕ್ಕೇ ಮೂತ್ರದಲ್ಲಿ ಹೊರಗೆ ಹೋಗಲ್ಲ. ಅದನ್ನ ನೀರಿಗೆ ಒಗ್ಗಿಸಬೇಕು ಅಂತ ಈಲಿ ಅದಕ್ಕೆ ಒಂದಿಷ್ಟು ಆಮ್ಲಜನಕ ಅಂಟಿಸುತ್ತೆ. ಒಳ್ಳೇದಕ್ಕೇ ಮಾಡೋದು. ಆದ್ರೆ ಅಂಟಿಸಿದ ಆ ಗಳಿಗೆ ಎಣ್ಣೆ ನೆಗ್ಗಿಲು ಮುಳ್ಳಿನ ಹಾಗಾಗುತ್ತೆ. ಯಾವುದು ಸಿಕ್ಕಿದ್ರೆ ಅದನ್ನ ಕಚ್ಚಿಕೊಳ್ಳುತ್ತೆ. ಆ ಮುಳ್ಳನ್ನ ತನ್ನ ಮೈಮೇಲೆ ಎಳ್ಕೊಂಡು ಹೊರಗೆ ಒಯ್ಯೋಕೆ ಅಂತ್ಲೇ ಈಲಿ ಒಂದು ಪದಾರ್ಥ ಮಾಡಿಟ್ಟುಕೊಂಡಿರುತ್ತೆ. ಅದು ಆಗೋದು ನಾವು ತಿನ್ನೋ ಕಾಳು, ಮೊಟ್ಟೆ, ಮಾಂಸದಿಂದ. ಉಪವಾಸ ಇದ್ರೆ ಅದು ಕರಗಿಹೋಗುತ್ತೆ. ಆಗ ಮುಳ್ಳಿಗೆ ಸಿಗೋದು ಈಲಿಯ ಸ್ವಂತ ಪ್ರೋಟೀನೇ, ಅಂದ್ರೆ ಅದರ ಮೈಯೇ. ಅಲ್ಲಿ ಕಚ್ಚಿಕೊಂಡಿದ್ದನ್ನ ಯಾರಿಂದಲೂ ಬಿಡಿಸೋಕಾಗಲ್ಲ. ಆ ಜಾಗ ಸಾಯುತ್ತೆ."

"ಹಾಗಾದ್ರೆ ಬೆಳಕು?" ಅಂದೆ. ನಸೀಮಾ ತಲೆ ಅಲ್ಲಾಡಿಸಿದಳು. "ನಮ್ಮೂರಲ್ಲಿ ಯಾಕೆ ಬೆಳಗುತ್ತೆ ಅಂತ ನನಗೆ ಗೊತ್ತಿಲ್ಲ, ಯಾವ ಪುಸ್ತಕದಲ್ಲೂ ಇಲ್ಲ. ಆದ್ರೆ ಅಬ್ಬಾನ ಅಂಗಡಿಯ ಬಾಗಿಲು ಹಾಕಿ ಕತ್ತಲೆ ಮಾಡಿ ನೋಡಿದೀನಿ. ಮುಳ್ಳು ಹುಟ್ಟುವಾಗ ಬರೋ ಬೆಳಕು ಅದು. ಹಸಿದ ಆಡಿಂದು ಜಾಸ್ತಿ ಬೆಳಗುತ್ತೆ. ನೀವು ಸೂಜಿ ಪೋಣಿಸೋದು ಯಾವುದರ ಬೆಳಕಲ್ಲಿ ಅಂದ್ರೆ..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ದಿನಾ ಬೆಳಗ್ಗೆ ಹಾಲಿನವನಿಗೆ ಹೇಳುವ ಹೆಂಗಸು ನಾನು. ಮಾದೇವಿಗೆ ಈಗ ಏನು ಮಾಡಲಿ ಅಂತ ಕೇಳಿದೆ. "ಖಾಲಿ ಹೊಟ್ಟೇಲಿ ಬಾವಿ ಬಾಯಲ್ಲಿ ಅರ್ಧ ದಿನ ಕೂರೋದೇ ಸಾಕು, ಕೆಳಗೆ ಇಳಿಯೋದೂ ಬೇಕಿಲ್ಲ," ಅಂದಳು. "ಹೇಗಾದ್ರೂ ಉಣ್ಣಿಸಿ. ಕೂರೋಕೆ ಬಿಡಬೇಡಿ."

ಅವರು ಹೋದ ಮೇಲೆ ನಡುಮನೆಗೆ ಹೋದೆ. ಮಾದೇವಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ತುಟಿ ಬಿಳಿಚಿತ್ತು. ಕೇಳಿದ್ದನ್ನೆಲ್ಲ ಹೇಳಿದೆ, ಆಡಿನ ಈಲಿ, ಮುಳ್ಳು, ಎಲ್ಲ. ಮುಗಿಯುವ ತನಕ ಕೇಳಿದಳು, ದೊಡ್ಡವರ ಮಾತಿಗೆ ಅಡ್ಡ ಬಾಯಿ ಹಾಕುವ ಅಭ್ಯಾಸ ಅವಳಿಗಿಲ್ಲ. "ಅವ್ವ, ಆಡಿನ ಮಾತು ಬಿಡು," ಅಂದಳು ಆಮೇಲೆ. "ನಿನಗೆ ಹೆದರಿಕೆ, ಅದು ನನಗೆ ಅರ್ಥ ಆಗುತ್ತೆ. ಅಪ್ಪ ಹೆದರಿದ್ರಾ? ಹನ್ನೊಂದು ಸೂಜಿ ಅಂತ ನೀನೇ ಅಲ್ವಾ ತೊಟ್ಟಿಲು ತೂಗುವಾಗಿಂದ ಹೇಳಿದ್ದು?" ಅವಳಿಗೆ ಹೇಳಬೇಕಾದ ಇನ್ನೊಂದು ಮಾತಿತ್ತು, ಹದಿನಾರು ವರ್ಷದಿಂದ ನನ್ನೊಳಗೇ ಕೂತದ್ದು. ಅವತ್ತು ಅದು ಬಾಯಿಗೆ ಬರಲಿಲ್ಲ. ತಂದಿಟ್ಟ ಗಂಜಿ ಆರಿ ಕೆನೆ ಕಟ್ಟಿತು.

ಮೂರನೆಯ ದಿನ ಮುದ್ದೇಗೌಡರ ಮನೆಗೆ ಹೋದೆ. ಗೌಡರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಡಿಸಿ, ಪೂರ್ತಿ ಕೇಳಿದರು. "ತಾಯಮ್ಮ, ನಮ್ಮಣ್ಣನೂ ದೀಪದವನಾಗಿ ಹೋದ," ಅಂದರು. "ಅವನು ಸುಮ್ನೆ ಹೋದ ಅಂತ ಅವನ ಹೆಂಡ್ತಿಗೆ ಹೋಗಿ ಹೇಳ್ಲಾ? ಕಲ್ಲಿನ ಮೇಲೆ ನಲವತ್ತಮೂರು ಹೆಸರಿದಾವೆ. ಅಷ್ಟು ಮನೆ ಬಾಗಿಲಿಗೂ ಹೋಗ್ಲಾ?" ನಾನು ಈ ವರ್ಷ ಸೂಜಿ ಹಿಡಿಯುವುದಿಲ್ಲ ಅಂದೆ. "ನಿನ್ನಿಷ್ಟ. ನನ್ನ ಸೊಸೆಗೂ ಕಣ್ಣಿದಾವೆ," ಅಂದರು. ಕಣ್ಣಲ್ಲಿ ನೀರಿತ್ತು ಮುದುಕನಿಗೆ, ಆದರೂ ಅಂದರು. ದಾರಿಯಲ್ಲಿ ಬರುತ್ತಾ ಸುಳ್ಳು ಲೆಕ್ಕ ಹೇಳುವ ಯೋಚನೆಯನ್ನೂ ಮಾಡಿದೆ: ನಾನೇ ಕೂತು ಮೂರೇ ಸೂಜಿ ಅಂದುಬಿಟ್ಟರೆ ಮಾದೇವಿ ಬಾವಿಗೆ ಇಳಿಯುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಅವಳು ಅರ್ಧ ದಿನ ಆ ಗಾಳಿ ಕುಡಿದಾಗಿರುತ್ತದೆ. ಉಣ್ಣಿಸದೆ ಬೇರೆ ದಾರಿ ಇರಲಿಲ್ಲ. ಅವಳು ಉಣ್ಣಬೇಕಾದರೆ ಅಪ್ಪನ ದೀಪದ ಮೇಲಿನ ನಂಬಿಕೆ ಮುರಿಯಬೇಕಿತ್ತು, ಅದನ್ನು ಮುರಿಯುವ ಮಾತು ಇದ್ದದ್ದು ನನ್ನ ಒಬ್ಬಳ ಹತ್ತಿರ.

ನಾಲ್ಕನೆಯ ಬೆಳಗ್ಗೆ ಎದ್ದು ಅವರೆಕಾಳಿನ ಸಾರು ಮಾಡಿದೆ, ಮೆತ್ತಗೆ ಮುದ್ದೆ ತಿರುವಿದೆ, ಆರು ಮೊಟ್ಟೆ ಬೇಯಿಸಿ ಸುಲಿದೆ. ಪಾತ್ರೆಯನ್ನು ತಲೆಯ ಮೇಲೆ ಹೊತ್ತು ಎಲ್ಲರೂ ನೋಡುವ ಹಾಗೆ ನಡುಬೀದಿಯಲ್ಲಿ ನಡೆದೆ. ಉಪವಾಸದ ಕಟ್ಟೆಗೆ ಸಾರಿನ ಪಾತ್ರೆ ಒಯ್ಯುವುದು ಅಂದರೆ ಏನು ಅಂತ ನಮ್ಮೂರಿನವರಿಗೆ ಗೊತ್ತು. "ತಾಯಮ್ಮನಿಗೆ ತಲೆ ಕೆಟ್ಟಿದೆ" ಅಂದರು. ಅನ್ನುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಕಟ್ಟೆಯ ಬುಡದಲ್ಲಿ ಮಾದೇವಿ, ಇನ್ನಿಬ್ಬರು ಗಂಡಸರು, ಒದ್ದೆ ಪಂಚೆ ಸೀರೆಯಲ್ಲಿ ನಿಂತಿದ್ದರು. ಗೌಡರು ಇನ್ನೇನು ಕಟ್ಟೆ ಹತ್ತಿ ಅನ್ನುವುದರಲ್ಲಿದ್ದರು. ನಾನು ಪಾತ್ರೆಯನ್ನು ಮೊದಲ ಮೆಟ್ಟಿಲ ಮೇಲೆ ಇಟ್ಟು ಅಡ್ಡ ನಿಂತೆ.

"ಗವಿಯಪ್ಪನ ಎಣ್ಣೆ ಮುಗೀಲಿಲ್ಲ," ಅಂದೆ. ಮೊದಲ ಮಾತು ಹೊರಗೆ ಬಿದ್ದ ಮೇಲೆ ಉಳಿದದ್ದು ತಡೆಯಲಿಲ್ಲ. ಏಳನೆಯ ವರ್ಷ ಅವರ ಬೆಳಕು ಇಳಿದಿತ್ತು. ಬಾವಿಯಲ್ಲಿ ಕೊಡದ ಬಾಯಿ ಕಾಣದೆ ತಡಕಾಡುತ್ತಿದ್ದರಂತೆ. ಒಂದು ಮಧ್ಯಾಹ್ನ ನನ್ನನ್ನು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ, ಯಾರಿಗೂ ಹೇಳಬೇಡ, ಒಂದು ಸಲ ನೋಡು ಅಂದರು. ನೋಡಿದೆ. ನಾಲ್ಕೇ ಸೂಜಿ. ಬೆಳಕಿನ ತುಂಬ ಜರಡಿಯ ತೂತಿನ ಹಾಗೆ ಕರಿ ಚುಕ್ಕೆ. ಕಲ್ಲಿನಿಂದ ಹೆಸರು ತೆಗೆದಾರು ಅಂತ ಅವರಿಗೆ ಭಯ, ನನಗೆ ಅವರಿಗಿಂತ ಹೆಚ್ಚು ಭಯ. ಹನ್ನೊಂದು ಸೂಜಿಯವನ ಹೆಂಡತಿ ಅಲ್ಲವೇ ನಾನು? ಉಪವಾಸ ಮಾಡಿದರೆ ಬೆಳಕು ಬರುತ್ತದೆ ಅನ್ನುವುದು ನನಗೆ ಗೊತ್ತಿದ್ದ ಒಂದೇ ವಿದ್ಯೆ. ಹೊಸಬರಿಗೆ ಮೂರು ದಿನವಾದರೆ ಇವರಿಗೆ ಐದು ದಿನ ಇರಲಿ ಅಂತ ನಾನೇ ನಿಶ್ಚಯ ಮಾಡಿದೆ. ಮೈಗೆ ಹುಷಾರಿಲ್ಲ ಅಂತ ಊರಿಗೆ ಹೇಳಿ ಮನೆಯೊಳಗೆ ಉಪವಾಸ ಕೆಡವಿದೆ. ಐದನೆಯ ದಿನ ಒಂಬತ್ತು ಸೂಜಿ ಪೋಣಿಸಿದೆ. ಸಂತೋಷಕ್ಕೆ ಅತ್ತುಬಿಟ್ಟೆ. ಮಾರನೇ ಬೆಳಗ್ಗೆ ಅದೇ ಖಾಲಿ ಹೊಟ್ಟೆಯಲ್ಲಿ ಬಾವಿಗೆ ಕಳಿಸಿದೆ. ಎರಡನೆಯ ದಿನಕ್ಕೆ ವಾಂತಿ, ನಾಲ್ಕನೆಯ ದಿನಕ್ಕೆ ಕಣ್ಣು ಹಳದಿ. ಹನ್ನೊಂದನೆಯ ದಿನ ನನ್ನ ಗುರುತೂ ಹಿಡಿಯದೆ ಪ್ರಾಣ ಬಿಟ್ಟರು.

"ಎಣ್ಣೆ ಮುಗೀತು ಅಂತ ನಿಮಗೆ ಹೇಳ್ದೋಳು ನಾನು," ಅಂದೆ. "ನಿಮ್ಮ ಅಣ್ಣತಮ್ಮಂದಿರನ್ನ ಏಳು, ಎಂಟು ಅಂತ ಎಣಿಸಿ ಕಳಿಸ್ದೋಳೂ ನಾನು. ಗೊತ್ತಿಲ್ದೆ ಮಾಡ್ದೆ. ಇವತ್ತು ಗೊತ್ತಾಗಿದೆ. ಗೊತ್ತಾದ್ಮೇಲೂ ನನ್ನ ಮಗಳನ್ನ ಹತ್ತಿಸೋದಾದ್ರೆ ನನ್ನ ಹೆಣ ದಾಟ್ಕೊಂಡು ಹತ್ತಿಸಿ." ಗುಂಪಿನಲ್ಲಿ ಯಾವುದೋ ಹೆಂಗಸು ಸೆರಗು ಬಾಯಿಗೆ ತುರುಕಿಕೊಂಡು ಅಳುವುದು ಕೇಳಿಸಿತು. ಅವಳು ಯಾರ ಮನೆಯವಳು ಅಂತ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಮುದ್ದೇಗೌಡರು ಹಲಗೆ ಹಿಡಿದ ಕೈಯನ್ನು ಕೆಳಗೆ ಬಿಟ್ಟರು.

ಆಮೇಲೆ ಊರು ಏನಾಯಿತು ಅಂತ ಕೇಳುತ್ತೀರಿ. ಬಾವಿ ಮುಚ್ಚಲಿಲ್ಲ, ಹೊಟ್ಟೆ ಕೇಳಬೇಕಲ್ಲ. ಈಗ ಹೊಟ್ಟೆತುಂಬ ಉಂಡವರು ಮಾತ್ರ ಇಳಿಯುತ್ತಾರೆ, ಸರದಿಯ ಮೇಲೆ, ಒಬ್ಬೊಬ್ಬರು ತಿಂಗಳಿಗೆ ನಾಲ್ಕೇ ದಿನ. ನಸೀಮಾ ಕಣ್ಣು ನೋಡಿ, ರಕ್ತ ನೋಡಿ ಕಳಿಸುತ್ತಾಳೆ. ಎಣ್ಣೆ ಕಡಿಮೆ, ಲಾರಿಯವರ ಗೊಣಗಾಟ ಹೆಚ್ಚು. ಕೆಲವು ಮನೆಗಳಲ್ಲಿ ನನಗೆ ಇವತ್ತಿಗೂ ನೀರು ಕೊಡುವುದಿಲ್ಲ. ಕೊಡಬೇಕು ಅಂತ ನಾನು ಹೇಳುವುದೂ ಇಲ್ಲ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಕೊಡುತ್ತಿರಲಿಲ್ಲ.

ಅವತ್ತು ಬೆಳಗ್ಗೆ ಮಾದೇವಿ ಬಹಳ ಹೊತ್ತು ಕಟ್ಟೆಯ ಕಲ್ಲನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಬಂದು ಪಾತ್ರೆಯ ಮುಂದೆ ನೆಲದ ಮೇಲೆ ಕೂತಳು. ನಾನು ಬಡಿಸಲು ಹೋದೆ, ಕೈ ಅಡ್ಡ ಇಟ್ಟಳು. ತಾನೇ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಮೂರು ದಿನದ ಒಣ ಗಂಟಲು, ಮೊದಲ ತುತ್ತು ಇಳಿಯಲು ಒದ್ದಾಡಿತು. ನಿಧಾನ ಕಣೇ ಅಂದೆ. ಅವಳ ಪಕ್ಕ ನಿಂತಿದ್ದವರಲ್ಲಿ ಒಬ್ಬ ಬಂದು ಕೂತು ಮೊಟ್ಟೆಗೆ ಕೈ ಹಾಕಿದ. ಇನ್ನೊಬ್ಬ ತಲೆ ತಗ್ಗಿಸಿ ಮನೆಯ ದಾರಿ ಹಿಡಿದ. ಜನ ಒಬ್ಬೊಬ್ಬರಾಗಿ ಕರಗಿದರು. ಅರ್ಧ ಮುದ್ದೆ ಮುಗಿಯುವ ಹೊತ್ತಿಗೆ ಮಾದೇವಿಯ ಕೈ ನಿಂತಿತು.

"ಆ ಐದು ದಿನದಲ್ಲಿ," ಅಂದಳು, ಮುಖ ಎತ್ತಲಿಲ್ಲ, "ಅಪ್ಪ ನಿನ್ನ ಹತ್ರ ಊಟ ಕೇಳಿದ್ರಾ?"

ಇಲ್ಲ ಅನ್ನಬಹುದಿತ್ತು. ಅಷ್ಟೆಲ್ಲ ಹೇಳಿದ ಮೇಲೆ ಅದೊಂದನ್ನು ಬಚ್ಚಿಟ್ಟುಕೊಂಡರೆ ಯಾರೂ ಕೇಳುವವರಿರಲಿಲ್ಲ, ಅದನ್ನು ಕಂಡವಳು ನಾನೊಬ್ಬಳೇ. ಮಗಳು ಮುರಿದ ಮುದ್ದೆಯನ್ನು ಹಿಡಿದುಕೊಂಡೇ ಕಾಯುತ್ತಿದ್ದಳು.

"ಕೇಳಿದ್ರು," ಅಂದೆ. "ಎರಡು ಸಲ ಕೇಳಿದ್ರು. ಎರಡು ಸಲವೂ ನೀರು ಕೊಟ್ಟೆ."